ಯಾತ್ರೆಯೂ ದೇಶವ್ರತವೂ



ತೀರ್ಥವೆಂದರೆ ಸಂಸಾರಸಾಗರವನ್ನು ದಾಟಿಸುವ ಸ್ಥಳ. ದಾಟಬೇಕೆನ್ನುವವನು ಮೊದಲು ಆ ದಡದಲ್ಲಿ ಕಾಲೂರಿ ನಿಲ್ಲಬೇಕು. ಇಂದಿನ ಯಾತ್ರೆಗಳಲ್ಲಿ ಹೋಗುವ ಆತುರವಿದೆ, ನಿಲ್ಲುವ ವ್ಯವಧಾನವಿಲ್ಲ. ಎಷ್ಟು ಕ್ಷೇತ್ರಗಳನ್ನು ಮುಟ್ಟಿ ಬಂದೆವೆಂಬ ಎಣಿಕೆಯೇ ಪುಣ್ಯದ ಎಣಿಕೆಯೆಂದು ಅನೇಕ ಗೃಹಸ್ಥರು ಭಾವಿಸಿದ್ದಾರೆ.

ಈ ರೋಗಕ್ಕೆ ಮದ್ದನ್ನು ಆಚಾರ್ಯರು ಎಂದೋ ಹೇಳಿಟ್ಟಿದ್ದಾರೆ. ಹತ್ತು ದಿಕ್ಕುಗಳಲ್ಲಿ ಇಷ್ಟರಾಚೆಗೆ ಹೋಗೆನೆಂದು ಜೀವಮಾನಕ್ಕೆ ಮೇರೆ ಹಾಕಿಕೊಳ್ಳುವುದು ದಿಗ್ವ್ರತ. ಆ ಮೇರೆಯೊಳಗೇ ಒಂದು ದಿನಕ್ಕೋ ಒಂದು ಮಾಸಕ್ಕೋ ಒಂದು ಮನೆ, ಒಂದು ಹೊಲ, ಒಂದು ನದಿಯವರೆಗೆಂದು ಇನ್ನಷ್ಟು ಕಿರಿದುಗೊಳಿಸುವುದು ದೇಶವ್ರತ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಇದನ್ನು ದಿಗ್ವ್ರತದ ಬೆನ್ನಿಗೇ ಹೇಳಿದರು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ದೇಶಾವಕಾಶಿಕವೆಂದು ಕರೆದು ಶಿಕ್ಷಾವ್ರತಗಳಲ್ಲಿ ಸೇರಿಸಿದರು. ಎಣಿಕೆಯ ಕ್ರಮ ಬೇರೆ, ಆಶಯ ಒಂದೇ. ಈ ವ್ರತ ಮನೆಯಲ್ಲಿರುವವನಿಗೆ ಮಾತ್ರವಲ್ಲ, ಯಾತ್ರಿಕನಿಗೂ ಸಲ್ಲುವಂಥದು.

ಒಂದು ದೃಷ್ಟಾಂತವನ್ನು ಭಾವಿಸಬಹುದು. ಸಿರುಗುಪ್ಪ ತಾಲ್ಲೂಕಿನ ಹಚ್ಚೊಳ್ಳಿಯಲ್ಲಿ ಒಂದು ಶ್ರಾವಕ ಕುಟುಂಬ. ಭತ್ತದ ಸುಗ್ಗಿ ಮುಗಿದ ಮೇಲೆ ಮಗನು ವೃದ್ಧೆಯಾದ ತಾಯಿಯನ್ನು ಯಾತ್ರೆಗೆ ಕರೆದೊಯ್ಯಲು ನಿಶ್ಚಯಿಸಿದನು. ಹಂಪೆಯಲ್ಲಿ ಇರುಗಪ್ಪ ದಂಡನಾಯಕನು ಕಟ್ಟಿಸಿದ ಕುಂಥುನಾಥ ಜಿನಾಲಯ, ಕೊಪ್ಪಳ, ಲಕ್ಕುಂಡಿಯ ಬ್ರಹ್ಮಜಿನಾಲಯ, ಐಹೊಳೆಯ ಮೇಗುತಿ, ಬಾದಾಮಿಯ ಜೈನಗುಹೆ, ಎಲ್ಲವೂ ಎರಡೇ ದಿನಗಳಲ್ಲಿ. ತಾಯಿ ಕೇಳಿ, "ನನ್ನ ಮಂಡಿಗಳಿಗೆ ಇದೇ ಕಡೆಯ ಯಾತ್ರೆಯಾದೀತು. ಒಂದೇ ಕ್ಷೇತ್ರ ಸಾಕು, ಒಂದು ದಿನ ಪೂರ್ತಿ ಬೇಕು" ಎಂದಳು. ಅವಳು ಆರಿಸಿದ್ದು ಕೊಪ್ಪಳವನ್ನು.

ಕವಿರಾಜಮಾರ್ಗವು ಮಹಾನಗರವೆಂದು ಹೆಸರಿಸಿದ ಕೊಪಣವೇ ಇಂದಿನ ಕೊಪ್ಪಳ. ಅಲ್ಲಿಯ ಪಾಲ್ಕಿಗುಂಡಿನ ಬೆಟ್ಟದಲ್ಲಿ ಅಶೋಕನ ಶಾಸನವಿದೆ. ಬಂಡೆಯಲ್ಲಿ ಕಡೆದ ಪಾದದ್ವಯವೂ ಇದೆ. ಅವು ವರಾಂಗಚರಿತವನ್ನು ರಚಿಸಿದ ಜಟಾಸಿಂಹನಂದಿ ಆಚಾರ್ಯರ ಪಾದಗಳೆಂದೂ ಚಾವಯ್ಯನೆಂಬವನು ಮಾಡಿಸಿದನೆಂದೂ ಹಳಗನ್ನಡದ ಎರಡು ಸಾಲುಗಳು ಸಾರುತ್ತವೆ. ಆಚಾರ್ಯರು ಅಲ್ಲಿಯೇ ದೇಹತ್ಯಾಗ ಮಾಡಿದರೆಂದು ವಿದ್ವಾಂಸರ ಊಹೆ.

ಅಂದು ಚತುರ್ದಶಿ. ಬೆಟ್ಟವೇರಲಾಗದೆಂದು ತಾಯಿಗೆ ಗೊತ್ತು. ಮುಂಜಾನೆ ಪಂಚನಮಸ್ಕಾರವನ್ನು ಸ್ಮರಿಸಿ, ಏಕಭುಕ್ತದೊಡನೆ, ಸೂರ್ಯಾಸ್ತದವರೆಗೆ ಬೆಟ್ಟದ ಬುಡದ ಬಂಡೆಯ ನೆರಳೇ ತನ್ನ ದೇಶವೆಂದು ಮೇರೆ ಹಾಕಿಕೊಂಡಳು. ಮಗನಿಗೆ ಸಂಕಟವಾಯಿತು. "ಅವ್ವ, ಇಷ್ಟು ದೂರ ಬಂದು ಪಾದಗಳನ್ನು ಕಾಣದೆ ಹೋಗುವುದೇ?" ಎಂದನು. ಮೊಮ್ಮಗನು, "ಅಜ್ಜಿ, ಮೇಲಿನಿಂದ ಮೊಬೈಲಿನಲ್ಲಿಯೇ ತೋರಿಸುತ್ತೇನೆ, ಕುಳಿತಲ್ಲೇ ನೋಡು" ಎಂದನು.

ಅವಳ ಕಣ್ಣು ಒಮ್ಮೆ ಬೆಟ್ಟದ ನೆತ್ತಿಗೆ ಹೋಯಿತು. "ನೋಡುವ ಆಸೆಯಿಲ್ಲವೆಂದಲ್ಲ ಮಗು, ಬಹಳವಿದೆ. ಬೆಳಗ್ಗೆ ಹಾಕಿದ ಮೇರೆಯನ್ನು ಮಧ್ಯಾಹ್ನ ನಾನೇ ಅಳಿಸಿದರೆ ಇಲ್ಲಿಗೆ ಬಂದುದೇಕೆ? ಹೊತ್ತು ಮುಳುಗಿದ ಮೇಲೆ ಬಾಯಲ್ಲಿ ಹೇಳು, ಕೇಳುತ್ತೇನೆ."

ದೇಶವ್ರತದ ಅತಿಚಾರಗಳು ಐದು. ಮೇರೆಯಾಚೆಯ ವಸ್ತುವನ್ನು ತರಿಸುವುದು ಆನಯನ. ಆಳನ್ನು ಕಳುಹಿಸಿ ಅಲ್ಲಿ ಕೆಲಸ ಮಾಡಿಸುವುದು ಪ್ರೇಷ್ಯಪ್ರಯೋಗ. ದನಿಯಿಂದ ಸೂಚಿಸುವುದು ಶಬ್ದಾನುಪಾತ. ರೂಪ ತೋರಿ ಸನ್ನೆ ಮಾಡುವುದು ರೂಪಾನುಪಾತ. ಕಲ್ಲು ಮೊದಲಾದವನ್ನು ಎಸೆಯುವುದು ಪುದ್ಗಲಕ್ಷೇಪ. ದೇಹ ಮೇರೆಯೊಳಗಿದ್ದರೂ ಮನಸ್ಸು ಹೇಗೆ ನುಸುಳುತ್ತದೆಂಬುದನ್ನು ಆಚಾರ್ಯರು ಎಷ್ಟು ಸೂಕ್ಷ್ಮವಾಗಿ ಕಂಡಿದ್ದರು! ಇಂದು ಕಿಸೆಯಲ್ಲಿರುವ ಒಂದು ಯಂತ್ರವೇ ಇವುಗಳಲ್ಲಿ ಹಲವಕ್ಕೆ ದಾರಿಯಾಗಿದೆ. ಯಂತ್ರಕ್ಕೆ ದೋಷವಿಲ್ಲ, ಬಸದಿಯಲ್ಲಿ ಕುಳಿತು ಅಂಗಡಿಯ ಲೆಕ್ಕ ಕೇಳುವ ಚಿತ್ತಕ್ಕೆ ದೋಷವಿದೆ.

ಮೊಮ್ಮಗನು ಮೊಬೈಲನ್ನು ತಂದೆಯ ಕೈಗಿತ್ತು ಬೆಟ್ಟವೇರಿದನು. ಸಂಜೆ ಹೇಳಬೇಕಾದುದರಿಂದ ನೋಡಲೇಬೇಕಾಯಿತು. ಮೊದಲು ಬರಿಯ ಗೀರುಗಳಾಗಿ ಕಂಡವು ಬಹಳ ಹೊತ್ತಿನ ಮೇಲೆ ಒಂದೊಂದೇ ಅಕ್ಷರವಾಗಿ ಗುರುತು ಹತ್ತಿದವು. ಸೂರ್ಯಾಸ್ತವಾಗಿ ಸಾಮಾಯಿಕ ಮುಗಿದ ಮೇಲೆ ಅವನು ಪಾದಗಳನ್ನೂ ಸಾಲುಗಳನ್ನೂ ಬಣ್ಣಿಸಿದನು. ಅಜ್ಜಿ ಕೈಮುಗಿದು ಕೇಳಿದಳು. ಬಳಿಕ ತಾನು ಕಂಡುದನ್ನು ಹೇಳಿದಳು: ಬಂಡೆಯ ನೆರಳು ಬೆಳಗಿನಿಂದ ಸಂಜೆಗೆ ಸರಿದ ಬಗೆ, ತಾನೂ ಅದರೊಡನೆ ಸರಿಯುತ್ತ ಹೋದದ್ದು, ಕುಳಿತಲ್ಲೆಲ್ಲ ಇರುವೆಗಳ ಸಾಲಿಗೆ ದಾರಿ ಬಿಟ್ಟದ್ದು. ಮಗನು ಸುಮ್ಮನಿದ್ದನು. ದಿನವಿಡೀ ಅಲ್ಲಿಯೇ ಇದ್ದರೂ ಅವನು ಅದೊಂದನ್ನೂ ಕಂಡಿರಲಿಲ್ಲ.

ಶಕ್ತಿಯಿದ್ದವನು ಬೆಟ್ಟದ ನೆತ್ತಿಯನ್ನೂ ತನ್ನ ಮೇರೆಯೊಳಗೆ ಸೇರಿಸಿಕೊಳ್ಳಲಿ. ಇಲ್ಲದವನು ಬುಡದಲ್ಲಿಯೇ ಕೂರಲಿ. ವ್ರತವು ಶಕ್ತಿಗೆ ತಕ್ಕದ್ದಾಗಿರಬೇಕು. ಮೇರೆಯಾಚೆಗೆ ಸಮಸ್ತ ಪಾಪಗಳನ್ನೂ ಬಿಟ್ಟಿರುವುದರಿಂದ ಗೃಹಸ್ಥನು ಅಲ್ಲಿಯ ಮಟ್ಟಿಗೆ ಮಹಾವ್ರತಿಗೆ ಸಮನಾಗುತ್ತಾನೆಂದು ಸಮಂತಭದ್ರರು ಭರವಸೆಯಿತ್ತಿದ್ದಾರೆ. ಒಂದು ಬಂಡೆಯ ನೆರಳಿಗೂ ಅಂಥ ಮಹಿಮೆಯುಂಟು.

ಆದುದರಿಂದ ಮುಂದಿನ ಯಾತ್ರೆಗೆ ಹೊರಡುವ ಶ್ರಾವಕ ಶ್ರಾವಿಕೆಯರು ವಾಹನವನ್ನು ಗೊತ್ತುಮಾಡುವ ಮುನ್ನ ಮೇರೆಯನ್ನು ಗೊತ್ತುಮಾಡಲಿ: ಯಾವ ಕ್ಷೇತ್ರ, ಎಷ್ಟು ಹೊತ್ತು, ಎಲ್ಲಿಯವರೆಗೆ. ಹಾಗೆ ನಿಂತವನಿಗೆ ಕ್ಷೇತ್ರವು ತನ್ನನ್ನು ತಾನೇ ತೋರಿಸಿಕೊಳ್ಳುವುದು.