ಶೇಕಡಾ ಎರಡು

ತಾಯಿ, ಸಿದ್ಧಪರ್ವತದ ಅಂಬಾದೇವಿ, ಇವತ್ತು ಕಾಯಿ ತರಲಾಗಲಿಲ್ಲ. ತಂದಿರುವುದು ಒಂದು ಪ್ಲಾಸ್ಟಿಕ್ ಫೈಲು. ಇಲ್ಲಿಂದ ನೇರ ಸಿಂಧನೂರಿಗೆ, ಶಾಸಕರ ಕಚೇರಿಗೆ ಹೋಗಬೇಕು. ಅಲ್ಲಿ ಬಾಯಿ ಬಿಡುವ ಮೊದಲು ನಿನಗೊಂದು ಮಾತು ಹೇಳಿ ಹೋಗೋಣ ಅನ್ನಿಸಿತು.

ನನ್ನ ತಮ್ಮನನ್ನು ನೀನು ಬಲ್ಲೆ. ಬನದ ಹುಣ್ಣಿಮೆ ಜಾತ್ರೆಯಲ್ಲಿ ನಿನ್ನ ತೇರಿನ ಹಗ್ಗಕ್ಕೆ ಮೊದಲು ಕೈ ಹಚ್ಚುತ್ತಿದ್ದವನು. ರೈಸ್ ಮಿಲ್ಲಿನಲ್ಲಿ ಹಮಾಲಿ. ಭತ್ತದ ಚೀಲ ಜಾರಿ ಬಲಭುಜದ ಮೇಲೆ ಬಿತ್ತು. ಈಗ ಆ ಕೈ ಅಂಗಿಯ ಗುಂಡಿಗೂ ಒದಗುವುದಿಲ್ಲ. ಆದರೂ ಜೀವ ಉಳಿಸಿ ಕೊಟ್ಟೆಯಲ್ಲ, ಅದಕ್ಕೆ ಮೊದಲ ಶರಣು.

ಪರೀಕ್ಷಿಸಿದವರು ಅಂಗವೈಕಲ್ಯ ಶೇಕಡಾ 38 ಎಂದು ಬರೆದರು. ಮಾಸಾಶನಕ್ಕೆ 40 ಬೇಕು. ಆ ಎರಡು ಎಲ್ಲಿ ಬಿದ್ದುಹೋಯಿತು, ತಾಯಿ? ವೈದ್ಯರನ್ನು ಬೈಯುತ್ತಿಲ್ಲ. ಕೈ ಎಷ್ಟು ಮೇಲೇಳುತ್ತದೆ ಎಂದು ಅಳೆದರು. ಕೈಗೆ ಚೀಲ ಕೊಟ್ಟು ನೋಡಲಿಲ್ಲ, ಅಷ್ಟೆ.

ಪ್ರಮಾಣಪತ್ರ ಒಪ್ಪಿಗೆಯಾಗದಿದ್ದರೆ ಮೇಲ್ಮನವಿ ಹಾಕಬಹುದಂತೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 59ನೇ ಕಲಂ. ಹೇಳಿದವನು ಊರಿನ ಪುನರ್ವಸತಿ ಕಾರ್ಯಕರ್ತ, ವಿ.ಆರ್.ಡಬ್ಲ್ಯೂ., ತಾನೂ ಕೋಲೂರಿ ನಡೆಯುವವನು. ಅವನನ್ನು ನಮ್ಮ ಮನೆಗೆ ಕಳಿಸಿದವಳು ನೀನೇ ಇರಬೇಕು. ಹಾಕಿದೆವು. ಹನ್ನೊಂದು ತಿಂಗಳಾಯಿತು. ಕೇಳಿದಾಗೆಲ್ಲ 'ಫೈಲು ಮೇಲೆ ಹೋಗಿದೆ' ಎನ್ನುತ್ತಾರೆ. 'ಮೇಲೆ ಅಂದ್ರ ಅಂಬಮ್ಮನ ಗುಡ್ಡಕ್ಕೇನಕ್ಕಾ?' ಎಂದು ತಮ್ಮ ನಕ್ಕ. ಆ ನಗು ಉಳಿಸಿದ್ದಕ್ಕೂ ಶರಣು.

ಶಾಸಕರು ಅಂಕಿ ತಿದ್ದಲಾರರು. ನಾನು ಕೇಳಲೂಬಾರದು. ಅವರ ಲೆಟರ್‌ಹೆಡ್ಡಿನಲ್ಲಿ ಎರಡು ಸಾಲು ಸಾಕು: ಈ ಮೇಲ್ಮನವಿ ತೆಗೆದು ನೋಡಿ, ಇನ್ನೊಮ್ಮೆ ಪರೀಕ್ಷಿಸಿ. ಆದರೂ ನಾಚಿಕೆಯಾಗುತ್ತದೆ. ನಿನಗೆ ಅಡ್ಡಬಿದ್ದರೆ ಮನಸ್ಸು ಹಗುರವಾಗುತ್ತದೆ. ಕಾಯ್ದೆ ಕೊಟ್ಟದ್ದಕ್ಕೆ ಇನ್ನೊಬ್ಬರ ಮುಂದೆ ಕೈಮುಗಿದು ನಿಂತರೆ ಮೈಯೆಲ್ಲ ಹಿಡಿಯಾಗುತ್ತದೆ. ನನ್ನ ದನಿ ಅಲ್ಲಿ ಅಳುವಾಗದಿರಲಿ. ಜಗಳವೂ ಆಗದಿರಲಿ.

ಮಾಸಾಶನ ಸಿಕ್ಕರೆ ತಿಂಗಳಿಗೆ 800 ರೂಪಾಯಿ. ತನ್ನ ಮಾತ್ರೆಗೆ ಅಕ್ಕನ ಮುಂದೆ ಕೈಚಾಚುವುದು ತಪ್ಪಿದರೆ ಸಾಕಂತೆ ಅವನಿಗೆ.

ಮಸ್ಕಿಯ ಬಂಡೆಯ ಮೇಲೆ ಅಶೋಕ ಬರೆಸಿದ್ದನ್ನು ಸಾಲಿಯಲ್ಲಿ ಮಾಸ್ತರರು ಹೇಳಿದ್ದರು. ಧರ್ಮದ ಫಲ ದೊಡ್ಡವರಿಗಷ್ಟೇ ಅಲ್ಲ, ಸಣ್ಣವರಿಗೂ ಎಟಕುತ್ತದಂತೆ. ಆ ಬರಹ ಲೋಕದ ಕಣ್ಣಿಗೆ ಬಿದ್ದದ್ದು 1915ರಲ್ಲಿ. ಕಲ್ಲು ಎರಡು ಸಾವಿರ ವರ್ಷ ಕಾದೀತು. ನಮ್ಮದು ಕಾಗದ, ತಾಯಿ.

ಸಾಲಿನಲ್ಲಿ ನನ್ನ ಹಿಂದೆ ನಿಂತವರದೂ ಇಂಥದೇ ಇದ್ದೀತು. ಅವರದನ್ನೂ ನೋಡು. ನಮ್ಮದು ಮೊದಲು ಎಂದು ಹೇಳುವ ಧೈರ್ಯ ಇಲ್ಲ. ಆಸೆ ಇದೆ, ಮುಚ್ಚಿಡುವುದಿಲ್ಲ.

ಹೊರಡುತ್ತೇನೆ. ಫೈಲಿನ ಮೇಲೆ ಒಂದು ಚಿಟಿಕೆ ಕುಂಕುಮ ಇಡಲೇ? ಬೇಡ, ಒಳಗೆ ಒರಿಜಿನಲ್ ಇದೆ, ಕಲೆಯಾದೀತು. ನನ್ನ ಹಣೆಗೇ ಇರಲಿ.