‘ಎಲ್ಲರೂ ಚೆನ್ನಾಗಿ ಅಭಿನಯಿಸಿದರು’

ನಾಟಕ ನೋಡಿ ಬಂದು ನಾಲ್ಕು ಸಾಲು ಬರೆಯುವುದು ನಮ್ಮ ಊರುಗಳಲ್ಲಿ ಅಷ್ಟು ನಿರಪಾಯದ ಕೆಲಸವಲ್ಲ. ತುಮಕೂರಿನಲ್ಲಿ ಬೆಳಿಗ್ಗೆ ಬರೆದವನು ಸಂಜೆ ತರಕಾರಿ ಕೊಳ್ಳುವಾಗ ಬರೆಸಿಕೊಂಡವನ ಮುಖ ನೋಡಬೇಕಾಗುತ್ತದೆ. ಆದ್ದರಿಂದಲೇ ಇರಬೇಕು, ‘ಎಲ್ಲರೂ ಚೆನ್ನಾಗಿ ಅಭಿನಯಿಸಿದರು’ ಎಂಬ ವಾಕ್ಯ ನಮ್ಮಲ್ಲಿ ಇಷ್ಟು ಬಳಕೆಯಲ್ಲಿರುವುದು. ನಾನೂ ಅದನ್ನು ಬರೆದವನೇ. ಅದರಿಂದ ಯಾರಿಗೆ ಏನು ಕೆಟ್ಟಿತು ಎಂದು ಬಹುಕಾಲ ಯೋಚಿಸಿರಲಿಲ್ಲ.

ಹದಿನೈದು ವರ್ಷಗಳ ಹಿಂದಿನ ಮಾತು. ಕುಣಿಗಲಿನಲ್ಲಿ ವೃತ್ತಿ ಕಂಪನಿಯೊಂದು ಟೆಂಟು ಹಾಕಿತ್ತು. ಕಾಲೇಜು ಮುಗಿಸಿ ಬಸ್ಸು ಹತ್ತಿ ಹೋದೆ. ಮುಂದಿನ ಸಾಲಿನಲ್ಲಿ ಕುರ್ಚಿ, ನಡುವೆ ಒಂದು ಲೋಟ ಕಾಫಿ. ಎರಡಕ್ಕೂ ನಾನು ಕಾಸು ಕೊಟ್ಟಿರಲಿಲ್ಲ. ನಾಯಕನ ಗಂಟಲು ಕಟ್ಟಿತ್ತು, ಪರದೆ ಅರ್ಧಕ್ಕೇ ನಿಂತಿತು. ಮಳೆಗಾಲ ಹತ್ತಿರ ಬಂತು, ಗಲ್ಲಾಪೆಟ್ಟಿಗೆ ಬರಿದು ಎಂದು ಮಾಲೀಕರು ಹೇಳಿಕೊಂಡರು. ನನಗೆ ಕನಿಕರ ಹುಟ್ಟಿತು. ಸ್ಥಳೀಯ ಪತ್ರಿಕೆಯೊಂದಕ್ಕೆ ಆ ವಾಕ್ಯ ಸೇರಿಸಿ ಬರೆದುಕೊಟ್ಟೆ.

ಅಚ್ಚಾದ ಮರುದಿನ ಕಂಪನಿಯ ಹಾರ್ಮೋನಿಯಂ ಮಾಸ್ತರು ಮನೆಗೆ ಬಂದರು. ವಂದನೆ ಹೇಳಲು ಬಂದರೆಂದುಕೊಂಡೆ. ಅವರು ಪತ್ರಿಕೆಯ ತುಣುಕನ್ನು ಮೇಜಿನ ಮೇಲಿಟ್ಟು, “ಸ್ವಾಮಿ, ಅಂದು ಎರಡನೆಯ ಅಂಕದಲ್ಲಿ ನಾನು ಶ್ರುತಿಯನ್ನೇ ತಪ್ಪಿ ಹಿಡಿದೆ. ಆ ಹುಡುಗಿ ಪಾಪ, ಅದನ್ನು ಸರಿದೂಗಿಸಿಕೊಂಡು ಹಾಡಿದಳು. ನಿಮಗೆ ಎರಡೂ ಕೇಳಿಸಲಿಲ್ಲವೆ?” ಎಂದರು.

ನನಗೆ ಎರಡೂ ಕೇಳಿಸಿರಲಿಲ್ಲ.

ಭರತನ ನಾಟ್ಯಶಾಸ್ತ್ರದಲ್ಲಿ ಪ್ರಯೋಗದ ಸಿದ್ಧಿಯನ್ನು ಕುರಿತ ಅಧ್ಯಾಯವೊಂದಿದೆ. ಅಲ್ಲಿ ತೀರ್ಪು ಹೇಳುವ ಪ್ರಾಶ್ನಿಕರನ್ನು ಹೆಸರಿಸುತ್ತಾನೆ: ಯಜ್ಞ ಬಲ್ಲವನು, ನರ್ತಕ, ಛಂದಸ್ಸು ಬಲ್ಲವನು, ವ್ಯಾಕರಣಜ್ಞ, ರಾಜ, ಬಿಲ್ಲುಗಾರ, ಚಿತ್ರಕಾರ, ವೇಶ್ಯೆ, ಗಾಯಕ, ರಾಜಸೇವಕ. ಒಬ್ಬೊಬ್ಬರೂ ತಮಗೆ ತಿಳಿದದ್ದನ್ನು ಮಾತ್ರ ನೋಡತಕ್ಕವರು. ನಾನಾದರೋ ಹತ್ತೂ ಜನರ ಕೆಲಸವನ್ನು ಒಂದು ಲೋಟ ಕಾಫಿಗೆ ಒಪ್ಪಿಕೊಂಡಿದ್ದೆ! ಗುಣವೇ ಇಲ್ಲದ, ದೋಷವೇ ಇಲ್ಲದ ಪ್ರಯೋಗವಿಲ್ಲ, ದೋಷಗಳನ್ನು ಅತಿಯಾಗಿ ಹಿಡಿಯಬೇಡಿ ಎಂದೂ ಭರತ ಹೇಳುತ್ತಾನೆ. ನಮ್ಮಂಥವರು ಇಲ್ಲಿಗೇ ಓದು ನಿಲ್ಲಿಸುತ್ತೇವೆ. ಹಾಗೆಂದು ನಟನು ಮಾತು, ಆಂಗಿಕ, ವೇಷಗಳಲ್ಲಿ ಅಲಕ್ಷ್ಯ ಮಾಡಕೂಡದೆಂದು ಅವನು ಕೂಡಲೇ ಸೇರಿಸುತ್ತಾನೆ. ದೋಷವನ್ನು ದೊಡ್ಡದು ಮಾಡಬೇಡ ಎಂಬುದಕ್ಕೂ ದೋಷ ಕಾಣಲೇಬೇಡ ಎಂಬುದಕ್ಕೂ ಅಂತರವಿದೆಯಷ್ಟೆ.

ಇದರ ಇನ್ನೊಂದು ಮುಖವನ್ನು ಗುಬ್ಬಿಯವರು ಬಲ್ಲರು. 1884ರಲ್ಲಿ ಅಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಕಂಪನಿ 1917ರಲ್ಲಿ ವೀರಣ್ಣನವರ ಕೈಗೆ ಬಂತು. ‘ಕುರುಕ್ಷೇತ್ರ’ದಲ್ಲಿ ಆನೆ ಕುದುರೆಗಳೇ ರಂಗಕ್ಕೆ ಬಂದವು. ಕಂಪನಿ ನಾಟಕವೆಂದರೆ ಬರಿಯ ಆಡಂಬರ ಎಂದು ಮೂಗು ಮುರಿದ ವಿದ್ಯಾವಂತರು ಆಗಲೂ ಇದ್ದರು, ಈಗಲೂ ಇದ್ದಾರೆ. ಆಡಂಬರವಿದ್ದದ್ದು ಸುಳ್ಳಲ್ಲ. ಆದರೆ ಆನೆಯನ್ನು ಕಂಡವರಿಗೆ ಅದೇ ರಂಗದಲ್ಲಿದ್ದ ವೀರಣ್ಣನವರ ಹಾಸ್ಯ ಕಾಣಿಸಬೇಡವೆ? ರಾಜಕುಮಾರರು ಆ ಕಂಪನಿಯಲ್ಲಿ ಪಳಗಿದವರು, ಬಿ. ವಿ. ಕಾರಂತರು ಹುಡುಗತನದಲ್ಲಿ ಮನೆಬಿಟ್ಟು ಅಲ್ಲಿಗೇ ಸೇರಿದವರು. ಎಲ್ಲವೂ ಕೆಟ್ಟದ್ದೆನ್ನುವವನೂ ನನ್ನ ಹಾಗೆಯೇ, ಕಣ್ಣು ಮುಚ್ಚಿಕೊಂಡು ಕುಳಿತವನು.

ಸಿನಿಮಾದ ಮಾತು ಬೇರೆ. ವೀರಣ್ಣನವರ ಸಂಸ್ಥೆಯೂ ಸೇರಿ ನಿರ್ಮಿಸಿದ ‘ಬೇಡರ ಕಣ್ಣಪ್ಪ’ದಲ್ಲಿ ಏನಾದರೂ ಕುಂದಿದ್ದರೆ, 1954ರಲ್ಲಿ ಇದ್ದಂತೆಯೇ ಇಂದೂ ಇದೆ, ವಿಮರ್ಶಕ ನೋಡುವವನಿಗೆ ಹೇಳಬಹುದೇ ಹೊರತು ಅದನ್ನು ತಿದ್ದಿಸಲಾರ. ನಾಟಕ ನಾಳೆ ಮತ್ತೆ ನಡೆಯುತ್ತದೆ. ಮಾಸ್ತರು ಬಸ್ಸಿನ ದುಡ್ಡು ಖರ್ಚುಮಾಡಿಕೊಂಡು ಬಂದದ್ದು ಆ ನಾಳೆಗಾಗಿ.

ಆದರೂ ಪ್ರಶ್ನೆ ಪೂರ್ತಿ ಬಗೆಹರಿಯಲಿಲ್ಲ. ನನ್ನ ಒಂದು ಕಟುವಾಕ್ಯದಿಂದ ಟೆಂಟು ಖಾಲಿಯಾದರೆ ಇಪ್ಪತ್ತು ಜನರ ಊಟ ಹೋಗುತ್ತದೆ. ಸತ್ಯ ಹೇಳಿದ ಹೆಮ್ಮೆಯಿಂದ ನಾನು ಮನೆಯಲ್ಲಿ ಬಿಸಿಯನ್ನ ಉಣ್ಣುತ್ತೇನೆ. ಇದನ್ನು ಮಾಸ್ತರ ಮುಂದಿಟ್ಟೆ. ಅವರು ನಕ್ಕು, “ಬೈದು ಬರೆಯಿರೆಂದು ನಾನು ಹೇಳಲಿಲ್ಲವಲ್ಲ, ಹುಡುಗಿಯ ಹೆಸರಾದರೂ ಬರೆಯಬಹುದಿತ್ತು” ಎಂದರು.

ಅಂದು ರಾತ್ರಿಯೇ ಮತ್ತೆ ಕುಣಿಗಲಿಗೆ ಹೋದೆ, ಟಿಕೆಟ್ಟು ಕೊಂಡು. ಸ್ಥಳ ಸಿಕ್ಕಿದ್ದು ಹಿಂದೆ, ಕಂಬದ ಪಕ್ಕ. ಎರಡನೆಯ ಅಂಕದಲ್ಲಿ ಕಿವಿಯಿಟ್ಟು ಕುಳಿತೆ. ಶ್ರುತಿ ಸರಿಯಾಗಿತ್ತು. ಹುಡುಗಿ ಮೊನ್ನೆಗಿಂತ ನಿಧಾನವಾಗಿ, ನಿರಾತಂಕವಾಗಿ ಹಾಡಿದಳು. ಹೊರಗೆ ಬರುವಾಗ ಬಾಗಿಲಿನಲ್ಲಿ ನಿಂತಿದ್ದವನನ್ನು ಆಕೆಯ ಹೆಸರು ಕೇಳಿ ಬರೆದುಕೊಂಡೆ.