ಒಂದು ದಿನದ ದಡ

ಒಂದು ಊರಿನಲ್ಲಿ ಒಂದೇ ದಿನ ಇರುವವನಿಗೆ ಆ ಊರಿನ ಮೇಲೆ ಏನಾದರೂ ಹಕ್ಕಿದೆಯೇ? ಮತ್ತೆಂದೂ ಬರದವನಿಗೆ ಆ ಊರಿನ ಋಣ ಅಂತ ಏನಾದರೂ ಇರುತ್ತದೆಯೇ? ಕೇಳುವುದಕ್ಕೆ ತರಗತಿಯ ಪ್ರಶ್ನೆಯಂತಿದೆ. ಹಡಗಿನಲ್ಲಿ ದುಡಿಯುವವರಿಗೆ ಮಾತ್ರ ಇದು ದಿನನಿತ್ಯದ ಪ್ರಶ್ನೆ.

ತಿಂಗಳುಗಟ್ಟಲೆ ಹಡಗನ್ನೇ ಮನೆ ಮಾಡಿಕೊಂಡವರು ಬಂದರು ಸಿಕ್ಕಾಗ ಕೆಲವು ಗಂಟೆ ಇಳಿದು ಓಡಾಡುವುದಕ್ಕೆ ಶೋರ್ ಲೀವ್ ಎನ್ನುತ್ತಾರೆ. 2006ರ ಅಂತಾರಾಷ್ಟ್ರೀಯ ನಾವಿಕ ಕಾರ್ಮಿಕ ಒಪ್ಪಂದ ಇದನ್ನು ಅವರ ಆರೋಗ್ಯಕ್ಕೆ, ನೆಮ್ಮದಿಗೆ ಬೇಕಾದದ್ದು ಎಂದು ಒಪ್ಪುತ್ತದೆ. ಭಾರತ 2015ರಲ್ಲಿ ಅದಕ್ಕೆ ಸಹಿ ಬಿದ್ದ ದೇಶಗಳ ಸಾಲಿಗೆ ಸೇರಿತು. ಆದರೆ ಕಂಟೇನರ್ ಹಡಗುಗಳು ಈಗ ಬಂದರಿನಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. 2004ರ ಭದ್ರತಾ ನಿಯಮಗಳ ನಂತರ ಗೇಟು ದಾಟುವುದೂ ಸುಲಭವಲ್ಲ. ಕೋವಿಡ್ ಕಾಲದಲ್ಲಂತೂ, 2020ರ ಕೊನೆಗೆ, ಸುಮಾರು 4 ಲಕ್ಷ ನಾವಿಕರು ಕರಾರು ಮುಗಿದರೂ ಮನೆಗೆ ಹೋಗಲಾರದೆ ಹಡಗುಗಳಲ್ಲೇ ಉಳಿದಿದ್ದರು. ಅವರು ತಂದ ಸರಕನ್ನು ಊರುಗಳು ಇಳಿಸಿಕೊಂಡವು, ತಂದವರನ್ನು ಇಳಿಸಿಕೊಳ್ಳಲಿಲ್ಲ.

ನನ್ನ ದೊಡ್ಡಪ್ಪನ ಮಗ ಸುರತ್ಕಲ್ ಕಡೆಯವನು, ಸರಕು ಹಡಗಿನ ಎಂಜಿನ್ ರೂಮಿನಲ್ಲಿ ಕೆಲಸ. ಒಂದು ಶುಕ್ರವಾರ ಚೆನ್ನೈ ಬಂದರಿನಲ್ಲಿ ಇಳಿದವನು ಬೀಚ್ ಸ್ಟೇಷನ್ನಿನಲ್ಲಿ ಲೋಕಲ್ ಹತ್ತಿ ನಾನಿರುವ ಪಲ್ಲಾವರಂಗೆ ಬಂದ. ಸಂಜೆಯೊಳಗೆ ವಾಪಸಾಗಬೇಕು. “ಮರೀನಾಗೆ ಹೋಗೋಣವಾ ಅಣ್ಣ?” ಎಂದೆ. “ಪುನಃ ನೀರನ್ನೇ ನೋಡ್ಬೇಕಾ ಮಾರಾಯ? ಸ್ವಲ್ಪ ನೆಲದ ಮೇಲೆ ನಡೆಯುವ” ಎಂದ.

ಇಲ್ಲಿಯ ಶುಕ್ರವಾರದ ಸಂತೆ ಹೆಸರುವಾಸಿ. ಹಳೇ ಮಿಕ್ಸಿ, ಹೂವಿನ ಗಿಡ, ಪಾರಿವಾಳ, ತುಕ್ಕು ಹಿಡಿದ ಸ್ಪಾನರು ಎಲ್ಲ ಸಿಗುತ್ತವೆ. ಅಣ್ಣ ಒಂದು ಸ್ಪಾನರು ಕೊಂಡ. ಇಪ್ಪತ್ತು ಹೆಜ್ಜೆ ಬಂದ ಮೇಲೆ ಚಿಲ್ಲರೆ ಹತ್ತು ರೂಪಾಯಿ ಹೆಚ್ಚು ಬಂದಿದೆ ಎಂದು ಗೊತ್ತಾಗಿ, ಆ ಜನಜಂಗುಳಿಯಲ್ಲಿ ಹಿಂದಕ್ಕೆ ಹೋಗಿ ಕೊಟ್ಟು ಬಂದ. ಮಾರುವಾತ ಹೆಸರು ಕೇಳಿದ, ಇವನೂ ಕೇಳಿದ. “ಮುಂದಿನ ವಾರ ಬನ್ನಿ” ಎಂದು ಆತ ತಮಿಳಿನಲ್ಲಿ ಹೇಳಿದಾಗ ಅಣ್ಣ ನಕ್ಕ. ಮುಂದಿನ ವಾರ ಅವನಿರುವುದು ಯಾವುದೋ ಸಮುದ್ರದಲ್ಲಿ.

ಪ್ರಾಮಾಣಿಕತೆಗೆ ನಾವು ಕೊಡುವ ಕಾರಣಗಳಲ್ಲಿ ಬಹಳಷ್ಟು ನಾಳೆಯನ್ನು ನಂಬಿಕೊಂಡಿವೆ. ನಾಳೆ ಮತ್ತೆ ಮುಖ ನೋಡಬೇಕು, ಹೆಸರು ಕೆಡಬಾರದು, ಕಷ್ಟಕ್ಕೆ ಆಗುತ್ತಾರೆ. ಒಂದೇ ದಿನಕ್ಕೆ ಬಂದವನಿಗೆ ಈ ಯಾವ ಕಾರಣವೂ ಇಲ್ಲ. ಆದರೂ ಆ ಹತ್ತು ರೂಪಾಯಿ ಅವನದಲ್ಲ. ಹಾಗಿದ್ದರೆ ಋಣ ಹುಟ್ಟುವುದು ಎಷ್ಟು ದಿನ ಇರುತ್ತೇವೆ ಎಂಬುದರಿಂದಲ್ಲ, ಎದುರಿಗೆ ಒಬ್ಬ ಮನುಷ್ಯ ಇದ್ದಾನೆ ಎಂಬುದರಿಂದ.

ಹಕ್ಕಿನ ವಿಷಯವನ್ನು ಇಮ್ಯಾನುಯೆಲ್ ಕಾಂಟ್ 1795ರಲ್ಲಿ, ಶಾಶ್ವತ ಶಾಂತಿಯ ಕುರಿತ ಪ್ರಬಂಧದಲ್ಲಿ ಚರ್ಚಿಸಿದ. ಆತನ ಊರು ಕೋನಿಗ್ಸ್‌ಬರ್ಗ್ ಕೂಡ ಬಂದರು ಪಟ್ಟಣವೇ. ಭೂಮಿಯ ಯಾವ ತುಂಡಿನ ಮೇಲೂ ಮೂಲತಃ ಒಬ್ಬರಿಗೆ ಇನ್ನೊಬ್ಬರಿಗಿಂತ ಹೆಚ್ಚು ಹಕ್ಕಿಲ್ಲ, ಆದ್ದರಿಂದ ಬಂದು ಹೋಗುವ ಹಕ್ಕು ಎಲ್ಲರಿಗೂ ಇದೆ, ಅದು ಯಾರ ದಯೆಯೂ ಅಲ್ಲ ಎಂಬುದು ಅವನ ವಾದ. ಪಲ್ಲಾವರಂನಲ್ಲಿ ಕುಳಿತು ಓದಿದರೆ ಇದು ಇನ್ನಷ್ಟು ನಿಜವೆನಿಸುತ್ತದೆ. 1863ರಲ್ಲಿ ರಾಬರ್ಟ್ ಬ್ರೂಸ್ ಫುಟ್ ಇಲ್ಲಿಯ ಗರಸಿನಲ್ಲಿ ಹೆಕ್ಕಿದ ಹಳೆ ಶಿಲಾಯುಗದ ಕಲ್ಲಿನ ಆಯುಧವನ್ನು ಮಾಡಿದವರು ಬೇಟೆಯಾಡುತ್ತ ಅಲೆಯುತ್ತಿದ್ದವರು. ಈ ಊರಿನ ನಮಗೆ ಗೊತ್ತಿರುವ ಮೊದಲ ನಿವಾಸಿಗಳೂ ಬಂದು ಹೋದವರೇ.

ಆದರೆ ಕಾಂಟ್ ಒಂದು ಗೆರೆಯನ್ನೂ ಎಳೆದ. ಅದು ಭೇಟಿಯ ಹಕ್ಕು, ನೆಲೆಸುವ ಹಕ್ಕಲ್ಲ. ವ್ಯಾಪಾರಕ್ಕೆಂದು ಬಂದು ಆಳುವವರಾದ ಯುರೋಪಿನವರನ್ನು ಅವನು ಅಲ್ಲೇ ಖಂಡಿಸಿದ. 1639ರಲ್ಲಿ ಮದ್ರಾಸಿನಲ್ಲಿ ಜಾಗ ಪಡೆದ ಕಂಪನಿಯ ಕಥೆ ನಮಗೆ ಗೊತ್ತೇ ಇದೆ.

ಈಗ ನಮ್ಮ ಮಾತಿಗೆ ಬರೋಣ. ಕೆಲಸಕ್ಕೋ ಓದಿಗೋ ಊರು ಬಿಟ್ಟು ಬಂದ ನಾವು ನಾವಿಕರೂ ಅಲ್ಲ, ಸ್ಥಳೀಯರೂ ಅಲ್ಲ. “ಇಲ್ಲೇನು ಶಾಶ್ವತವೇ?” ಎನ್ನುವ ಮಾತು ನಮ್ಮ ನಡುವೆ ಬಹಳ ಓಡಾಡುತ್ತದೆ. ಹತ್ತು ವರ್ಷವಾದರೂ ತಮಿಳು ಓದಲು ಕಲಿಯದಿರುವುದಕ್ಕೆ, ಮತದಾರರ ಪಟ್ಟಿಯಲ್ಲಿ ವಿಳಾಸ ಬದಲಿಸದಿರುವುದಕ್ಕೆ, ಬೀದಿಯ ಚರಂಡಿ ಕಟ್ಟಿಕೊಂಡರೆ ಸುಮ್ಮನಿರುವುದಕ್ಕೆ ಅದೇ ಉತ್ತರ. ನಲ್ಲಿ ನೀರು, ರಸ್ತೆ, ಸಂಬಳ ತೆಗೆದುಕೊಳ್ಳುವಾಗ ನಾವು ನಿವಾಸಿಗಳು. ಹೊಣೆಯ ಹೊತ್ತಿಗೆ ಪ್ರವಾಸಿಗಳು.

ಇದಕ್ಕೊಂದು ನ್ಯಾಯವಾದ ಆಕ್ಷೇಪವಿದೆ. ಬಾಡಿಗೆ ಕರಾರೇ 11 ತಿಂಗಳದ್ದು, ಮಾಲೀಕರು ಯಾವಾಗ ಬೇಕಾದರೂ ಬಿಡಿಸಬಹುದು, ಬೇರು ಬಿಡಲು ಅವಕಾಶವನ್ನೇ ಕೊಡದ ಊರು ಬೇರು ಬಿಡಿ ಎಂದು ಕೇಳುವುದು ಹೇಗೆ? ನಿಜ. ಆದರೆ ನಾನು ಹೇಳುತ್ತಿರುವುದು ಬೇರಿನ ಮಾತಲ್ಲ. ಊರಿಗೆ ವಾಪಸು ಹೋಗುವ ಆಸೆಯನ್ನು ಯಾರೂ ಬಿಡಬೇಕಿಲ್ಲ. 2015ರ ಡಿಸೆಂಬರಿನಲ್ಲಿ ಚೆನ್ನೈ ಮುಳುಗಿದಾಗ ನೀರು ಯಾರ ಕರಾರನ್ನೂ ನೋಡಲಿಲ್ಲ. ಆಗ ಬೇಕಾದದ್ದು ಪಕ್ಕದ ಮನೆಯವರ ಹೆಸರು ಮತ್ತು ಫೋನ್ ನಂಬರು. ಅದನ್ನು ತಿಳಿದುಕೊಳ್ಳಲು ಹನ್ನೊಂದು ತಿಂಗಳು ಧಾರಾಳವಾಗಿ ಸಾಕು.

ಇರುವ ದಿನ ಕಡಿಮೆಯಾದಷ್ಟು ಋಣವೂ ಕಡಿಮೆಯಾಗಬಹುದು, ಪೂರ್ತಿ ಇಲ್ಲವಾಗುವುದಿಲ್ಲ. ಇಳಿದು ಬಂದವನನ್ನು ಗೇಟಿನಲ್ಲೇ ತಡೆಯುವ ಹಕ್ಕು ಊರಿಗಿಲ್ಲ. ಇಳಿದ ಮೇಲೂ ಹಡಗಿನಲ್ಲೇ ಇದ್ದೇನೆ ಎಂದು ನಟಿಸುವ ಹಕ್ಕು ನಮಗೂ ಇಲ್ಲ.